ಶುರು ಎಂಬ ಫೈಲು, ತೆಗೆದುಕೊಳ್ಳದ ಬನ್ನಿ

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಬೇರೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಮಾವನವರು ಬದುಕಿದ್ದಾಗ, ಅವರ ಕಾಲ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಅವರು ಹೋದ ಮೇಲೆ, ಈಗ ಹಳೆಯದನ್ನು ಕೆದಕಿ ಏನು ಬಂತು ಎಂದುಕೊಂಡೆ. ಕಣ್ಣಿಗೆ ಪೊರೆ ಬಂದಾಗ, ಆಪರೇಷನ್ ಆಗಲಿ ಎಂದೆ. ಆಪರೇಷನ್ ಆಗಿದೆ, ಅಕ್ಷರ ಚೆನ್ನಾಗಿ ಕಾಣುತ್ತಿದೆ. ಇನ್ನು ನೆಪ ಉಳಿದಿಲ್ಲ.

ಕೇಳುವವರಿಗೆ ಇದು ದೊಡ್ಡ ಸಂಗತಿ ಅನ್ನಿಸಲಿಕ್ಕಿಲ್ಲ. ಹುಮನಾಬಾದಿನ ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಬೆಳಿಗ್ಗೆ ಒಂದು ಫೋಲ್ಡರಿನ ಫೈಲುಗಳೆಲ್ಲ ಅಳಿಸಿಹೋದವು. ಅಳಿಸಿದವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಎಂದು ನಾನು ಎಲ್ಲರೆದುರು ಹೇಳಿದೆ. ಆ ಮಾತಿನಿಂದ ಅಕ್ಕ ತಂಗಿ ಇಬ್ಬರೂ ಮಾತು ಬಿಟ್ಟರು. ನನ್ನ ಹೆಂಡತಿಗೆ ತಾಯಿ ಇರಲಿಲ್ಲ. ತವರು ಎಂದರೆ ವಯಸ್ಸಾದ ತಂದೆ ಮತ್ತು ಆ ತಂಗಿ. ನಾವಿದ್ದ ಬಸವಕಲ್ಯಾಣದಿಂದ ತವರೂರಾದ ಹುಮನಾಬಾದಿಗೆ ಬಸ್ಸು ಹತ್ತುವಾಗ ಅವಳ ಮುಖ ಬೇರೆಯೇ ಆಗಿರುತ್ತಿತ್ತು. ಆ ದಾರಿಯನ್ನು ನಾನು ಮುಚ್ಚಿಸಿದೆ. ಮುಚ್ಚಿಸಿದ್ದು ತಪ್ಪು ಎಂದು ಗೊತ್ತಾದ ಮೇಲೂ ಸುಮ್ಮನಿದ್ದೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ನಾವು ಕಲ್ಯಾಣ ಎನ್ನುವ ಬಸವಕಲ್ಯಾಣದ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತ ಬೆಳೆದೆ. ತೊಂಬತ್ತರ ದಶಕದಲ್ಲಿ ಮೊಳೆಗಳ ಕಾಲ ಮುಗಿಯುತ್ತ ಬಂದಾಗ, ಒಂದು ಮಾಳಿಗೆಯ ಮೇಲೆ ನಡೆಯುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ನನ್ನ ಅರ್ಧ ವಯಸ್ಸಿನವರ ನಡುವೆ ಕೂಡಬೇಕಾಗುತ್ತಿತ್ತು. ಅವರಿಗೆಲ್ಲ ಚಿತ್ರ ಬರೆಯುವ ಪ್ರೋಗ್ರಾಂ ಇಷ್ಟ. ನನಗೆ ಡಾಸ್‌ನ ಕಪ್ಪು ಪರದೆ ಇಷ್ಟ. ಒಂದು ಆಜ್ಞೆ ಟೈಪು ಮಾಡಿದರೆ ಅದು ಎದುರುತ್ತರ ಕೊಡದೆ ಮಾಡುತ್ತಿತ್ತು. ಮನೆಯಲ್ಲಾಗಲಿ ಪ್ರೆಸ್ಸಿನಲ್ಲಾಗಲಿ ನನ್ನ ಮಾತನ್ನು ಹಾಗೆ ಕೇಳುವವರು ಯಾರೂ ಇರಲಿಲ್ಲ.

ಆಮೇಲೆ ಕಲ್ಯಾಣದಲ್ಲಿ ಸ್ವಂತ ಅಂಗಡಿ ಹಾಕಿದೆ. ಮದುವೆ ಕಾರ್ಡು, ಕರಪತ್ರ, ಸ್ಮರಣಸಂಚಿಕೆ. ನಾನು ಟೈಪು ಮಾಡಿದ್ದನ್ನು ಹೆಂಡತಿ ಪ್ರೂಫ್ ಓದುತ್ತಿದ್ದಳು. ಅವಳೂ ಹೈಸ್ಕೂಲು ಓದಿದವಳು. ಅವಳ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಹೋಗುತ್ತಿರಲಿಲ್ಲ. ಅಂಗಡಿ ಚೆನ್ನಾಗಿ ನಡೆಯುವುದನ್ನು ನೋಡಿ, ಹುಮನಾಬಾದಿನ ನನ್ನ ಮಾವನವರು ಇನ್ನೊಂದು ಅಂಗಡಿಗೆಂದು ತಮ್ಮ ಮನೆಯ ಮುಂದಿನ ಖೋಲಿ ಕೊಟ್ಟರು. ಎರಡು ಸಾವಿರದ ಆಸುಪಾಸು ಅದು. ಅವರ ಕಿರಿಯ ಅಳಿಯ ಕೆಲಸವಿಲ್ಲದೆ ಅವರ ಮನೆಯಲ್ಲೇ ಇದ್ದ. ಮಾವನವರು ನಮ್ಮಿಬ್ಬರನ್ನೂ ಕೂಡ್ರಿಸಿಕೊಂಡು ಹೇಳಿದರು:

"ದೊಡ್ಡ ಅಳಿಯಾರದು ಅಕಲು. ಸಣ್ಣ ಅಳಿಯಾರದು ಕೈಕಾಲು. ಇಬ್ಬರೂ ಕೂಡಿ ದುಕಾನ ನಡಸ್ರಿ."

ಬುದ್ಧಿ ನನ್ನದು, ದುಡಿಮೆ ಅವನದು ಎಂದು ಮುದುಕರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ಷಡ್ಡಕನ ಮುಖ ಆ ಮಾತಿಗೆ ಹೇಗೆ ಬಿಗಿಯಿತು ಎಂಬುದು ನನಗಿನ್ನೂ ನೆನಪಿದೆ. ನನಗೆ ಖುಷಿಯಾಗಿತ್ತು ಎಂಬುದೂ ನೆನಪಿದೆ.

ಅವನು ಬೀದರಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ, ಮುಗಿಸದೆ ಬಂದವನು. ಇಸ್ತ್ರಿ ಅಂಗಿ, ಸದಾ ನಗುಮುಖ, ಗಿರಾಕಿಗಳ ಜೊತೆ ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಹರಟೆ. ನಾನು ವಾರದಲ್ಲಿ ಕೆಲವು ದಿನ ಹುಮನಾಬಾದಿಗೆ ಹೋಗುತ್ತಿದ್ದೆ. ನಾನು ಒಳಗೆ ಕಾಲಿಟ್ಟ ಕೂಡಲೇ ಆ ಹರಟೆ ನಿಲ್ಲುತ್ತಿತ್ತು.

"ಬರ್ರಿ ಅಣ್ಣಾರ. ಅಕಲು ಬಂತು, ಇನ್ನ ಕೈಕಾಲು ಎದ್ದು ಕುರ್ಚಿ ಬಿಡಬೇಕು," ಎನ್ನುತ್ತಿದ್ದ.

"ಕುರ್ಚಿ ಯಾರದು ಅಂತ ನೆನಪ ಐತೆಲ್ಲ, ಅಷ್ಟ ಸಾಕು ಸಾಹೇಬರ," ಎನ್ನುತ್ತಿದ್ದೆ ನಾನು.

ಗಿರಾಕಿಗಳು ನಗುತ್ತಿದ್ದರು. ಇದು ಬೀಗರ ತಮಾಷೆ ಎಂದೇ ಅವರು ತಿಳಿದಿದ್ದರು. ನಾವಿಬ್ಬರು ಒಂದು ದಿನವೂ ತಮಾಷೆ ಮಾಡಿದವರಲ್ಲ.

ಅವನ ಕೆಲಸದ ರೀತಿ ನನಗೆ ಸಹಿಸಲಾಗುತ್ತಿರಲಿಲ್ಲ. ಒಂದು ಮದುವೆ ಕಾರ್ಡಿಗೆ ಐದಾರು ಪ್ರತಿ ಮಾಡಿ ಇಡುವುದು, ಸ್ಕ್ಯಾನ್ ಮಾಡಿದ ಫೋಟೋ ಎಲ್ಲಿ ಬೇಕಾದಲ್ಲಿ ಬಿಡುವುದು, ‘ಹೊಸದು’, ‘ಇನ್ನೂ ಹೊಸದು’, ‘ಇದೇ ಕೊನೇದು’ ಎಂದು ಹೆಸರು ಕೊಡುವುದು. ಡಿಸ್ಕ್ ತುಂಬಿ ಮಷಿನ್ ಎಮ್ಮೆಯ ಹಾಗೆ ಕೂತುಬಿಡುತ್ತಿತ್ತು. ಹೇಳಿ ಹೇಳಿ ಸಾಕಾಗಿ ನಾನು ಒಂದು ಬ್ಯಾಚ್ ಫೈಲು ಬರೆದೆ. ಬ್ಯಾಚ್ ಫೈಲು ಎಂದರೆ ಹೆಚ್ಚೇನಿಲ್ಲ. ಕಂಪ್ಯೂಟರಿಗೆ ಕೊಡಬೇಕಾದ ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದಿಡುವುದು. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಮೇಲಿನಿಂದ ಕೆಳಗೆ ಒಂದೊಂದಾಗಿ ನಡೆಸಿಕೊಂಡು ಹೋಗುತ್ತದೆ.

ನಾನು ಮಾಡಿದ ವ್ಯವಸ್ಥೆ ಹೀಗಿತ್ತು. ‘ಕೆಲಸ’ ಎಂಬ ಒಂದು ಫೋಲ್ಡರು. ಪೂರ್ತಿಯಾದ, ಉಳಿಯಬೇಕಾದ ಫೈಲುಗಳೆಲ್ಲ ಅದರಲ್ಲಿ ನೇರವಾಗಿ. ಅದರೊಳಗೆ ‘ಕಚ್ಚಾ’ ಎಂಬ ಇನ್ನೊಂದು ಫೋಲ್ಡರು. ಫೋಟೋ, ಕರಡು, ಅರೆಬರೆ ಎಲ್ಲ ಕಚ್ಚಾದಲ್ಲಿ. ನಾನು ಬರೆದ ಫೈಲಿಗೆ ‘ಶುರು’ ಎಂದು ಹೆಸರಿಟ್ಟು, ಎಲ್ಲರ ಕಣ್ಣಿಗೆ ಬೀಳಲಿ ಎಂದು ‘ಕೆಲಸ’ದಲ್ಲೇ ಇಟ್ಟೆ. ದಿನಾ ಬೆಳಿಗ್ಗೆ ಅಂಗಡಿ ತೆರೆದವರು ಮೊದಲು ‘ಶುರು’ ಒತ್ತಬೇಕು. ಅದರಲ್ಲಿದ್ದದ್ದು ಎರಡೇ ಮುಖ್ಯ ಮಾತು: ಕಚ್ಚಾ ಒಳಗೆ ಹೋಗು, ಇಲ್ಲಿರುವುದನ್ನೆಲ್ಲ ಅಳಿಸು.

ಮೊದಲ ದಿನವೇ ಅದು ಕೈಕೊಟ್ಟಿತು. ಕಪ್ಪು ಕಿಟಕಿ ತೆರೆದು ಏನೋ ಕೇಳಿತು, ನಾನು ಹೌದು ಎಂದು ಒತ್ತಿದ ಕೂಡಲೇ ಮಿಂಚಿನ ಹಾಗೆ ಮುಚ್ಚಿಕೊಂಡಿತು, ಕಸ ಅಲ್ಲೇ ಇತ್ತು. ಅವನು ಕೈಕಟ್ಟಿ ನಿಂತು ನೋಡುತ್ತಿದ್ದ.

"ಅಣ್ಣಾರ, ಪರದಾ ತೆಗೀತೈತಿ, ಮುಚ್ಚತೈತಿ. ನಾಟಕ ಯಾವಾಗ್ರಿ?"

"ನಾಟಕದಾಗ ನಿಂದು ಒಂದ ಪಾತ್ರ. ಎರಡ ಸಲ ಒತ್ತೂದು. ಉಳದದ್ದು ನಾ ನೋಡ್ಕೋತೀನಿ."

ತಪ್ಪು ಹುಡುಕುವ ಉಪಾಯ ನಾನು ಕ್ಲಾಸಿನಲ್ಲಿ ಕಲಿತಿದ್ದೆ. ಕೊನೆಯಲ್ಲಿ ‘ನಿಲ್ಲು’ ಎಂಬ ಅರ್ಥದ ಒಂದು ಆಜ್ಞೆ ಸೇರಿಸಿದರೆ ಕಿಟಕಿ ಮುಚ್ಚುವುದಿಲ್ಲ, ಅದು ಏನು ಗೊಣಗಿತು ಎಂದು ಓದಬಹುದು. ಹಾಗೆ ಓದಿದಾಗ ಗೊತ್ತಾಯಿತು, ಗಿರಾಕಿಗಳ ಸಿಡಿಯಿಂದ ಬಂದ ಫೋಟೋಗಳಿಗೆ ‘ಓದಲು ಮಾತ್ರ’ ಎಂಬ ಮೊಹರು ಅಂಟಿಕೊಂಡೇ ಬರುತ್ತದೆ. ಅಂಥವನ್ನು ಅಳಿಸಲು ಅದು ಒಪ್ಪುವುದಿಲ್ಲ. ಮೊದಲು ಮೊಹರು ತೆಗೆಯುವ ಆಜ್ಞೆ ಸೇರಿಸಿದೆ. ಆಮೇಲೆ ಸರಿಯಾಗಿ ನಡೆಯಿತು.

ಆದರೆ ಎಲ್ಲವನ್ನೂ ಅಳಿಸು ಎಂದಾಗಲೆಲ್ಲ ಅದು ಒಂದು ಪ್ರಶ್ನೆ ಕೇಳುತ್ತಿತ್ತು: ಖಚಿತವೇ? ಹೌದು ಎಂಬುದಕ್ಕೆ ಒಂದು ಅಕ್ಷರ ಒತ್ತಬೇಕು. ಅದಕ್ಕೂ ಅವನ ಬಾಯಿ ಸುಮ್ಮನಿರಲಿಲ್ಲ. ಒಂದು ದಿನ ಅಂಗಡಿ ತುಂಬ ಜನ ಇರುವಾಗ ಹೇಳಿದ:

"ದಿನಾ ಕೇಳತೈತ್ರಿ, ಖರೇನ ಅಳಿಸಲೇನು ಅಂತ. ಬರದವರಂಗ ಅದಕ್ಕೂ ಯಾರ ಮ್ಯಾಲೂ ಭರೋಸಾ ಇಲ್ಲ."

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅವತ್ತೇ ಮಧ್ಯಾಹ್ನ ಕೂತು, ಪ್ರಶ್ನೆ ಬರುವ ಮೊದಲೇ ‘ಹೌದು’ ಎಂಬ ಉತ್ತರವನ್ನು ಆ ಸಾಲಿನಲ್ಲೇ ಬರೆದಿಟ್ಟೆ. ಇನ್ನು ಅದು ಯಾರನ್ನೂ ಏನೂ ಕೇಳುವಂತಿರಲಿಲ್ಲ. ತೋರಿಸುವ ಸಾಲುಗಳನ್ನೂ ಮರೆಮಾಡಿದೆ. ‘ನಿಲ್ಲು’ ತೆಗೆದೆ. ಒತ್ತಿದರೆ ಮುಗಿಯಿತು.

ಆ ವರ್ಷದ ಮಳೆಗಾಲದಲ್ಲಿ ಕಲ್ಯಾಣದ ಒಂದು ಶಾಲೆಯ ಸ್ಮರಣಸಂಚಿಕೆ ನನಗೆ ಬಂತು. ಹುಮನಾಬಾದಿನ ಮಷಿನ್ ಹೊಸದಾದ್ದರಿಂದ ಅದನ್ನು ಅಲ್ಲೇ ಮಾಡಿದೆ. ಪುಟಗಳ ಪ್ರಿಂಟು ತೆಗೆದು ಬಸ್ಸಿನಲ್ಲಿ ಕಲ್ಯಾಣಕ್ಕೆ ಒಯ್ಯುವುದು, ಹೆಂಡತಿ ಅಡುಗೆ ಮುಗಿಸಿ ಕೆಂಪು ಪೆನ್ನಿನಲ್ಲಿ ತಿದ್ದುವುದು, ನಾನು ಮತ್ತೆ ಹುಮನಾಬಾದಿಗೆ ಒಯ್ದು ತಿದ್ದುಪಡಿ ಹಾಕುವುದು. ಮುದುಕ ಮಾಸ್ತರರು ಬರೆದ ಲೇಖನಗಳ ಅಕ್ಷರ ಬಿಡಿಸಿದವಳು ಅವಳೇ. ದಸರೆಯ ಹೊತ್ತಿಗೆ ಕೆಲಸ ಮುಗಿಯುತ್ತ ಬಂದಿತ್ತು.

ಅದೇ ಹೊತ್ತಿಗೆ ಷಡ್ಡಕನಿಗೆ ಮಂಠಾಳದ ಕಡೆಯ ಒಂದು ಮದುವೆ ಕಾರ್ಡು ಬಂತು. ಅವಸರದ ಕೆಲಸ. ನಾನು ಕುರ್ಚಿ ಬಿಡಲಿಲ್ಲ. ಬೇಕೆಂದೇ ಬಿಡಲಿಲ್ಲ. ಆ ದಿನ ನನಗೆ ಉಳಿದಿದ್ದ ಕೆಲಸ ನಾಳೆಗೆ ಇಡಬಹುದಾದದ್ದೇ. ಗಿರಾಕಿ ಕಾದು ಕಾದು ಎದ್ದು ಬೇರೆ ಅಂಗಡಿಗೆ ಹೊರಟ. ಅವನ ಎದುರೇ ಷಡ್ಡಕ ಹೇಳಿದ:

"ಒಂದ ದಿನ ಇದನ್ನೆಲ್ಲಾ ಸಾಫ್ ಮಾಡಿ ಒಗಿತೀನಿ. ಸಂಚಿಕಿ ಎಲ್ಲಿ ಹೋತು, ಎಲ್ಲಿ ಹೋತು ಅಂತ ಹುಡುಕ್ಕೋತ ಕೂಡ್ರಿ."

"ಮನಿ ಅಳಿಯಗ ಮಾತು ಜಾಸ್ತಿ," ಎಂದೆ ನಾನು.

ಒಳಗಿನ ಬಾಗಿಲಲ್ಲಿ ಅವನ ಹೆಂಡತಿ ಚಹಾ ಹಿಡಿದು ನಿಂತಿದ್ದಳು. ಅವಳು ಆ ಚಹಾವನ್ನು ಹಾಗೇ ಒಳಗೆ ಒಯ್ದಳು.

ನವಮಿಯ ದಿನ ಖಂಡೆ ಪೂಜೆ. ಆಯುಧ, ಯಂತ್ರ, ತಕ್ಕಡಿ, ಯಾರ ಹೊಟ್ಟೆಗೆ ಯಾವುದು ಅನ್ನ ಹಾಕುತ್ತದೋ ಅದಕ್ಕೆ ಪೂಜೆ. ನಾನು ಬೆಳೆದ ಪ್ರೆಸ್ಸಿನಲ್ಲಿ ಒಂದು ಪದ್ಧತಿ ಇತ್ತು. ಸವೆದ, ಮುರಿದ ಮೊಳೆಗಳನ್ನು ಒಂದು ಡಬ್ಬಿಯಲ್ಲಿ ಹಾಕುತ್ತಿದ್ದೆವು. ಖಂಡೆ ಪೂಜೆಯ ದಿನ ಆ ಡಬ್ಬಿಯನ್ನು ಖಾಲಿ ಮಾಡಿದರೆ ಸಾಲದು, ಡಬ್ಬಿಯನ್ನೇ ಅಂಗಡಿಯಿಂದ ಹೊರಗೆ ಹಾಕಬೇಕು. ಮುರಿದದ್ದನ್ನು ಹೊತ್ತ ಪಾತ್ರೆ ಪೂಜೆಯ ಹೊತ್ತಿಗೆ ಒಳಗಿರಬಾರದು. ದಸರೆ ಕಳೆದು ಕೆಲಸ ಶುರು ಮಾಡುವ ಬೆಳಿಗ್ಗೆ ಹೊಸ ಡಬ್ಬಿ ಬರುತ್ತಿತ್ತು. ಅದನ್ನು ಮೊದಲು ಇಟ್ಟು, ಆಮೇಲೆ ಮಷಿನ್ ಮುಟ್ಟಬೇಕು.

ಆ ನವಮಿಗೆ ನಾನು ಹುಮನಾಬಾದಿಗೆ ಹೋಗಿ ಕಂಪ್ಯೂಟರ್ ತೊಳೆಯದೆ ತೊಳೆದೆ. ಕೀಬೋರ್ಡ್ ಬೋರಲು ಹಾಕಿ ಬಡಿದೆ, ಮಾನಿಟರ್ ಒರೆಸಿದೆ. ಹೊರಗಷ್ಟೇ ಸ್ವಚ್ಛವಾದರೆ ಸಾಲದೆಂದು ಒಳಗೂ ನೋಡಿದೆ. ಕಚ್ಚಾ ಫೋಲ್ಡರನ್ನು ಖಾಲಿ ಮಾಡಿದೆ. ಖಾಲಿಯಾದ ಆ ಫೋಲ್ಡರು ತೆರೆಯ ಮೇಲೆ ಹಳದಿಯಾಗಿ ಕಾಣುತ್ತಿತ್ತು. ನನ್ನ ಕೈ ಹಳೆಯ ರೂಢಿಯಂತೆ ಅದನ್ನೂ, ಕಸದ ಬುಟ್ಟಿಗೂ ಹೋಗದ ಹಾಗೆ, ಅಳಿಸಿತು. ಮೊಳೆಯ ಡಬ್ಬಿ ನೆನಪಾಗಿ ಮನಸ್ಸಿಗೆ ಒಂಥರಾ ಸಮಾಧಾನವೂ ಆಯಿತು. ಆಮೇಲೆ ಕರೆಂಟು ತೆಗೆದು, ಸಿಪಿಯುಗೆ ವಿಭೂತಿ ಪಟ್ಟೆ ಎಳೆದು, ಚೆಂಡು ಹೂವಿನ ಮಾಲೆ ಹಾಕಿ ಪೂಜೆ ಮಾಡಿದೆವು. ಷಡ್ಡಕ ತನ್ನ ಫ್ಲಾಪಿಗಳ ಡಬ್ಬಿಯನ್ನೂ ಪೂಜೆಗೆ ಇಟ್ಟ. ಅವನು ತಾನು ಮಾಡಿದ ಕಾರ್ಡುಗಳನ್ನೆಲ್ಲ ಮುಂಚಿನ ದಿನವೇ ಅದರಲ್ಲಿ ಹಾಕಿಕೊಂಡಿದ್ದ. "ನಂದೂ ದೇವರ ಮುಂದ ಇರ್ಲಿ," ಎಂದ. ನಾನು ಸಂಜೆಯ ಬಸ್ಸಿಗೆ ಕಲ್ಯಾಣಕ್ಕೆ ಬಂದೆ.

ದಶಮಿ ಕಳೆದ ಮರುದಿನ ಬೆಳಿಗ್ಗೆ ಷಡ್ಡಕ ಅಂಗಡಿ ತೆರೆದ. ಹೂ ತೆಗೆದು, ಕಂಪ್ಯೂಟರ್ ಹಚ್ಚಿ, ನಾನು ಹೇಳಿಕೊಟ್ಟ ಹಾಗೆಯೇ ಮೊದಲು ‘ಶುರು’ ಒತ್ತಿದ. ಸ್ವಲ್ಪ ಹೊತ್ತಿಗೆ ನಮ್ಮ ಪಕ್ಕದ ಮನೆಯ ಫೋನಿಗೆ ಕರೆ ಬಂತು.

"ಅಣ್ಣಾರ, ‘ಕೆಲಸ’ದಾಗ ಒಂದೂ ಫೈಲಿಲ್ಲ. ಖಾಲಿ ಐತಿ."

"ಏನ ಮಾಡಿದಿ?"

"ನೀವ ಹೇಳಿದ್ದ. ಶುರು ಒತ್ತೀನಿ, ಮತ್ತೇನ ಮಾಡಿಲ್ಲ."

"ಶುರು ತೆಗದು ನೋಡು."

"ಅದೂ ಇಲ್ರಿ. ಅದೂ ಹೋಗೇತಿ."

ಅವತ್ತು ಹೇಗೂ ಮಾವನವರಿಗೆ ದಸರೆಯ ಬನ್ನಿ ಎಲೆ ಕೊಡಲು ನಾನೂ ಹೆಂಡತಿಯೂ ಹೊರಡುವವರಿದ್ದೆವು. ಮೊದಲ ಬಸ್ಸು ಹತ್ತಿದೆವು. ಅವಳ ಮಡಿಲಲ್ಲಿ ತಂಗಿಗೆಂದು ಕಟ್ಟಿದ ಕರಿಗಡುಬಿನ ಡಬ್ಬಿ ಇತ್ತು.

ಹೋದವನೇ ರಿಸೈಕಲ್ ಬಿನ್ ತೆರೆದೆ. ಖಾಲಿ. "ಕಸದ ಬುಟ್ಟಿ ಸೈತ ಸಾಫ್ ಮಾಡಿದಿ," ಎಂದೆ. ಬ್ಯಾಚ್ ಫೈಲಿನಿಂದ ಅಳಿಸಿದ್ದು ಆ ಬುಟ್ಟಿಗೆ ಹೋಗುವುದೇ ಇಲ್ಲ. ಅದು ನನಗೆ ಗೊತ್ತಿತ್ತು. ಅವತ್ತು ನೆನಪಾಗಲಿಲ್ಲ, ಅಥವಾ ನೆನಪಾಗುವುದು ನನಗೆ ಬೇಕಿರಲಿಲ್ಲ.

"ಅಣ್ಣಾರ, ನಿಮ್ಮ ಪ್ರೋಗ್ರಾಮ್‌ದಾಗ ಏನೋ ಗಲತಿ ಐತಿ. ತಪಾಸ ಮಾಡ್ರಿ."

"ಇಷ್ಟ ದಿನ ಇಲ್ಲದ ಗಲತಿ ಇವತ್ತ ಬಂತೇನು? ನಿನ್ನ ಕಾರ್ಡು ಎಲ್ಲಿ ಅದಾವ?"

ಅವನು ಫ್ಲಾಪಿ ಡಬ್ಬಿಯ ಕಡೆ ನೋಡಿದ. ಅದರ ಮೇಲೆ ಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು.

"ತನ್ನದು ದೇವರ ಮುಂದ ಇಟ್ಕೊಂಡ. ನನ್ನದು ಅಳಿಸಿದ," ಎಂದು ನಾನು ಒಳಗಿನವರಿಗೆಲ್ಲ ಕೇಳುವ ಹಾಗೆ ಹೇಳಿದೆ.

ಸಂಜೆ ಒಳಗಿನ ಪಡಸಾಲೆಯಲ್ಲಿ ಎಲ್ಲರೂ ಸೇರಿದೆವು. ಷಡ್ಡಕ ಮಾವನವರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿದ. ಆಮೇಲೆ ನನ್ನೆದುರು ಬಂದು ಎರಡು ಎಲೆ ಚಾಚಿದ.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಣ್ಣಾರ," ಎಂದ. ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ನಾನು ಹುಡುಕಿದೆ, ಇರಲಿಲ್ಲ.

ನಾನು ಕೈ ಮುಂದೆ ಮಾಡಲಿಲ್ಲ. ನಮ್ಮ ಕಡೆ ವೈರಿ ಕೊಟ್ಟ ಬನ್ನಿಯನ್ನೂ ತೆಗೆದುಕೊಳ್ಳುತ್ತಾರೆ. ಅವನ ಕೈ ಹಾಗೇ ಇತ್ತು. ಆಮೇಲೆ ಎಲೆಗಳನ್ನು ಅವನೇ ಅಂಗಿಯ ಕಿಸೆಗೆ ಹಾಕಿಕೊಂಡ.

ನನ್ನ ನಾದಿನಿ, ಅವನ ಹೆಂಡತಿ, ಆಗ ಬಾಯಿ ಬಿಟ್ಟಳು. "ನನ್ನ ಗಂಡ ಬಾಯಿ ಬಡಕ ಖರೇ. ಆದ್ರ ಇಂಥಾ ಕೆಲಸ ಮಾಡೂ ಪೈಕಿ ಅಲ್ಲ. ದೊಡ್ಡವರು ತಮ್ಮ ತಪ್ಪು ಮುಚ್ಚಾಕ ಅವರ ಮ್ಯಾಲ ಹಾಕಾಕತ್ತಾರ."

ಮಾವನವರು ನನ್ನನ್ನು ಕೇಳಲಿಲ್ಲ. ಹಿರಿಯ ಮಗಳ ಕಡೆ ತಿರುಗಿ, "ಏನವ್ವಾ, ನಿನ್ನ ಗಂಡ ಹೇಳೂದು ಖರೇ ಏನು?" ಎಂದರು.

ನನ್ನ ಹೆಂಡತಿ ಮುಟ್ಟಿ ಆಣೆ ಮಾಡಲೆಂದು ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದಳು. "ಅಕ್ಕಾ, ನೀ ಮುಟ್ಟಬ್ಯಾಡ," ಎಂದಳು ತಂಗಿ. ಅಕ್ಕ ಮುಟ್ಟಿದಳು.

"ನನ್ನ ಗಂಡಗ ಸಿಟ್ಟ ಭಾಳ, ಹಠಾ ಭಾಳ. ಸುಳ್ಳ ಮಾತ್ರ ಹೇಳೂದಿಲ್ಲ. ತಮ್ಮ ತಪ್ಪಿದ್ರ ತಾವ ಹೇಳ್ತಿದ್ರು. ಇದು ಅವರ ತಪ್ಪಲ್ಲ."

ತಂಗಿ ಎದ್ದು ಒಳಗೆ ಹೋದಳು. ಕರಿಗಡುಬಿನ ಡಬ್ಬಿ ನಮ್ಮ ಜೊತೆಗೇ ಕಲ್ಯಾಣಕ್ಕೆ ವಾಪಸು ಬಂತು.

ಇಲ್ಲಿಯವರೆಗೆ ನಾನು ಮೂರ್ಖನಾಗಿದ್ದೆ, ಕೆಟ್ಟ ಬಾಯಿಯವನಾಗಿದ್ದೆ. ಸುಳ್ಳುಗಾರನಾಗಿರಲಿಲ್ಲ. ಅವನೇ ಅಳಿಸಿದ ಎಂದು ನಿಜವಾಗಿ ನಂಬಿದ್ದೆ. ಮುಂದಿನದಕ್ಕೆ ನನ್ನ ಹತ್ತಿರ ಅಂಥ ಮಾತೇನೂ ಇಲ್ಲ.

ಹೆಂಡತಿಯ ಹತ್ತಿರ ತಿದ್ದಿದ ಪ್ರೂಫ್ ಹಾಳೆಗಳೆಲ್ಲ ಇದ್ದವು. ಕಲ್ಯಾಣದ ಅಂಗಡಿಯಲ್ಲಿ ಸಂಚಿಕೆಯನ್ನು ಮತ್ತೆ ಟೈಪು ಮಾಡಲು ಕೂತೆವು. ಅವಳು ಓದುತ್ತಿದ್ದಳು, ನಾನು ಟೈಪು ಮಾಡುತ್ತಿದ್ದೆ. ನಡುನಡುವೆ, "ಇಂಥಾದ್ದು ಅಳಿಸಾಕ ಅವಗ ಮನಸ್ಸ ಹ್ಯಾಂಗ ಬಂತು," ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ನನಗೆ ಅನ್ನಿಸಿತು, ಅವನ ‘ಗಲತಿ’ ಎಂಬ ಮಾತನ್ನು ಶಾಶ್ವತವಾಗಿ ಮುಚ್ಚಿಬಿಡಬೇಕು. ‘ಶುರು’ ಫೈಲಿನ ಒಂದು ಪ್ರತಿ ನನ್ನ ಫ್ಲಾಪಿಯಲ್ಲಿತ್ತು. ಅದೇ ರೀತಿ ಒಂದು ಸುಳ್ಳು ‘ಕೆಲಸ’, ಅದರೊಳಗೆ ಒಂದು ‘ಕಚ್ಚಾ’ ಮಾಡಿ, ಬೇಡದ ಫೈಲುಗಳನ್ನು ತುಂಬಿ ಒತ್ತಿದೆ. ಕಚ್ಚಾ ಮಾತ್ರ ಖಾಲಿಯಾಯಿತು. ಮತ್ತೆ ತುಂಬಿ ಒತ್ತಿದೆ. ಅದೇ. ತೆರೆದಿರುವ ಫೈಲಿದ್ದರೆ ಏನಾಗುತ್ತದೆ ನೋಡಿದೆ, ಮೊಹರಿನ ಫೋಟೋ ಇಟ್ಟು ನೋಡಿದೆ. ಎಲ್ಲದರಲ್ಲೂ ಅದು ನಿಯತ್ತಿನಿಂದ ನಡೆಯಿತು. ನನಗೆ ಖುಷಿಯಾಯಿತು.

ಆಮೇಲೆ, ಪೂಜೆಯ ದಿನ ಹುಮನಾಬಾದಿನ ಮಷಿನ್ ಹೇಗಿತ್ತೋ ಹಾಗೆಯೇ ಇಟ್ಟು ಒಮ್ಮೆ ನೋಡಿದರೆ ಪರೀಕ್ಷೆ ಪೂರ್ತಿಯಾಯಿತು ಎಂದುಕೊಂಡೆ. ಕಚ್ಚಾ ಖಾಲಿ ಮಾಡಿದೆ. ನನ್ನ ಕೈ ತಾನಾಗಿ ಫೋಲ್ಡರನ್ನೂ ಅಳಿಸಿತು. ಅಳಿಸಿದ ಮೇಲೆ ಕೈ ಅಲ್ಲೇ ನಿಂತಿತು. ಮರೆಮಾಡಿದ ಸಾಲುಗಳನ್ನು ಬಿಚ್ಚಿ, ಕಡೆಗೆ ‘ನಿಲ್ಲು’ ಸೇರಿಸಿ, ಈ ಸಲ ಡಾಸ್‌ನ ಕಪ್ಪು ಪರದೆಯಲ್ಲೇ ಅದರ ಹೆಸರು ಟೈಪು ಮಾಡಿ ನಡೆಸಿದೆ.

ಮೊದಲ ಸಾಲು: ಕಚ್ಚಾ ಒಳಗೆ ಹೋಗು. ಉತ್ತರ: ಅಂಥ ದಾರಿ ಕಾಣುತ್ತಿಲ್ಲ.

ಮನುಷ್ಯನಾದರೆ ಅಲ್ಲಿಗೆ ನಿಲ್ಲುತ್ತಿದ್ದ. ಅದು ಒಳಗೆ ಹೋಗಲಾಗದೆ ನಿಂತಲ್ಲೇ ನಿಂತು ಎರಡನೆಯ ಸಾಲಿಗೆ ಬಂತು: ಇಲ್ಲಿರುವುದನ್ನೆಲ್ಲ ಅಳಿಸು. ‘ಇಲ್ಲಿ’ ಎಂದರೆ ಈಗ ‘ಕೆಲಸ’. ಖಚಿತವೇ ಎಂದು ಕೇಳಿತು. ನಾನು ಮೊದಲೇ ಬರೆದಿಟ್ಟ ‘ಹೌದು’ ಅದಕ್ಕೆ ಉತ್ತರ ಕೊಟ್ಟಿತು. ಎಲ್ಲ ಹೋಯಿತು, ಕಡೆಗೆ ‘ಶುರು’ ಕೂಡ. ನಾನು ಸೇರಿಸಿದ ‘ನಿಲ್ಲು’ ಓದಲು ಫೈಲೇ ಉಳಿದಿರಲಿಲ್ಲ. ಬ್ಯಾಚ್ ಫೈಲು ಸಿಗುತ್ತಿಲ್ಲ ಎಂಬ ಸಾಲೊಂದು ಪರದೆಯ ಕೊನೆಯಲ್ಲಿ ಉಳಿಯಿತು.

ಹೊಸ ಡಬ್ಬಿ ಇಟ್ಟು ಆಮೇಲೆ ಮಷಿನ್ ಮುಟ್ಟಬೇಕು. ಆ ಬೆಳಿಗ್ಗೆ ಹೊಸ ಡಬ್ಬಿ ಇಡಬೇಕಾದವನು ನಾನು ಕಲ್ಯಾಣದಲ್ಲಿದ್ದೆ. ಹಳೆಯದನ್ನು ಹೊರಗೆ ಹಾಕಿದ್ದೇನೆಂದು ಅವನಿಗೆ ಹೇಳಿಯೂ ಇರಲಿಲ್ಲ.

"ಏನಾತು? ಮಾರಿ ಯಾಕ ಹಂಗಾತು?" ಎಂದು ಹೆಂಡತಿ ಕೇಳಿದಳು. ಅವಳ ಬೆರಳು ಹಾಳೆಯ ಮೇಲೆ, ತಾನು ಓದಿ ನಿಲ್ಲಿಸಿದ ಪದದ ಮೇಲೆ ಇತ್ತು.

"ಏನಿಲ್ಲ. ಮಷಿನ್ ಸ್ವಲ್ಪ ಕಾಡಾಕತ್ತೇತಿ."

"ಮುಂದಿನ ಸಾಲು ಹೇಳಲೇನು?"

"ಹೇಳು," ಎಂದೆ.

ಅವಳು ಮುಂದಿನ ಸಾಲು ಓದಿದಳು. ನಾನು ಟೈಪು ಮಾಡಿದೆ. ಅವಳು ವಿಭೂತಿ ಮುಟ್ಟಿ ಹೇಳಿದ್ದು ಸುಳ್ಳಾಗಿಹೋದದ್ದು ಆ ಕ್ಷಣಕ್ಕೆ. ನಾನು ಆಗಲೇ ಬಾಯಿ ಬಿಟ್ಟಿದ್ದರೆ ಅವಳು ಮರುದಿನದ ಬಸ್ಸಿಗೆ ತಂಗಿಯ ಮನೆಗೆ ಹೋಗುತ್ತಿದ್ದಳು. ನಾನು ಹೇಳಲಿಲ್ಲ. ಷಡ್ಡಕ ಗೆಲ್ಲುತ್ತಾನೆ ಎಂಬ ಒಂದೇ ಕಾರಣಕ್ಕೆ ಹೇಳಲಿಲ್ಲ.

ಫೈಲನ್ನು ಮಾತ್ರ ತಿದ್ದಿದೆ. ಒಳಗೆ ಹೋಗಿ ಅಳಿಸು ಎಂಬ ಎರಡು ಮಾತು ತೆಗೆದು, ಇಂಥ ಡ್ರೈವಿನ ಇಂಥ ಫೋಲ್ಡರಿನೊಳಗಿನ ಕಚ್ಚಾದಲ್ಲಿರುವುದನ್ನು ಅಳಿಸು ಎಂದು ಪೂರ್ತಿ ವಿಳಾಸದೊಂದಿಗೆ ಒಂದೇ ಸಾಲು ಬರೆದೆ. ಕಚ್ಚಾ ಇಲ್ಲದಿದ್ದರೆ ಅದು ಸುಮ್ಮನೆ ಗೊಣಗಿ ನಿಲ್ಲುತ್ತದೆ. ಅಷ್ಟು ಸಣ್ಣ ತಿದ್ದುಪಡಿ.

ಹುಮನಾಬಾದಿನ ಅಂಗಡಿ ಮುಚ್ಚಿದೆ. ಮಷಿನ್ ಕಲ್ಯಾಣಕ್ಕೆ ತಂದೆ. ಷಡ್ಡಕ ಬಸ್ ನಿಲ್ದಾಣದ ಕಡೆ ಝೆರಾಕ್ಸ್ ಅಂಗಡಿ ಹಾಕಿದ. ಹಾಳು ಮಾಡುವ ಕೈ ಎಂಬ ಹೆಸರು ಅವನಿಗೆ ಅಂಟಿಕೊಂಡಿತ್ತು. ಅದನ್ನು ಅಂಟಿಸಿದವನು ನಾನೇ, ಕೇಳಿದವರಿಗೆಲ್ಲ ಹೇಳಿ ಹೇಳಿ. ದೀಪಾವಳಿಗೆ ನನ್ನ ಹೆಂಡತಿ ತವರಿಗೆ ಹೋಗಲಿಲ್ಲ. ಮುಂದಿನ ನಾಗರ ಪಂಚಮಿಗೂ ಹೋಗಲಿಲ್ಲ. "ನನ್ನ ಮಾತಿನ ಮ್ಯಾಲ ಆಕಿಗೆ ನಂಬಿಕಿ ಇಲ್ಲಂದ್ರ ನಾ ಯಾಕ ಹೋಗ್ಲಿ," ಎನ್ನುತ್ತಿದ್ದಳು. ಹಾಗೆ ಹೇಳಿ, ಹಬ್ಬದ ದಿನ ಹೊಸ್ತಿಲಲ್ಲಿ ಕೂತು ಬಸ್ ಬರುವ ರಸ್ತೆಯ ಕಡೆ ನೋಡುತ್ತಿದ್ದಳು. ಮಾವನವರು ತೀರಿಕೊಂಡಾಗ ಅಕ್ಕ ತಲೆಯ ಕಡೆ, ತಂಗಿ ಕಾಲಿನ ಕಡೆ ಕೂತು ಅತ್ತರು. ಒಬ್ಬರ ಕೈ ಒಬ್ಬರು ಹಿಡಿಯಲಿಲ್ಲ. ನಾನು ಕಂಬಕ್ಕೆ ಒರಗಿ ನಿಂತು ನೋಡಿದೆ. ಆಗಲೂ ಹೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಆ ದಶಕ ಮುಗಿಯುತ್ತ ಬಂದಾಗ, ಹುಮನಾಬಾದಿನಲ್ಲಿ ಬಸ್ಸಿಗೆ ಕಾಯುತ್ತಿದ್ದವನು ಎದ್ದು ಅವನ ಝೆರಾಕ್ಸ್ ಅಂಗಡಿಗೆ ಹೋದೆ. ಅವನ ತಲೆ ನರೆತಿತ್ತು. ಅಂಗಿಗೆ ಇಸ್ತ್ರಿ ಇರಲಿಲ್ಲ.

"ಎಷ್ಟ ಪ್ರತಿ?" ಎಂದ, ನನ್ನ ಗುರುತು ಸಿಕ್ಕ ಮೇಲೆಯೇ.

"ಕಚ್ಚಾ ಫೋಲ್ಡರು ನಾನ ತೆಗದಿದ್ದೆ," ಎಂದೆ. "ಪೂಜಿ ದಿನ. ಅದಕ್ಕ ಎಲ್ಲಾ ಹೋತು. ನಿಂದೇನ ತಪ್ಪಿರಲಿಲ್ಲ. ತಪ್ಪಾತು, ತಮ್ಮಾ."

ಅವನು ಮಷಿನಿನ ಮುಚ್ಚಳ ಇಳಿಸಿದ. ಬಹಳ ಹೊತ್ತು ಅದನ್ನೇ ಒರೆಸಿದ.

"ಯಾವಾಗ ಮಾಲೂಮ ಆತು?"

"ಅದ ವಾರದಾಗ."

"ಅದ ವಾರದಾಗ," ಎಂದು ಅವನು ನನ್ನ ಮಾತನ್ನೇ ಮತ್ತೆ ಹೇಳಿದ. "ಅಕ್ಕಾರಿಗೆ ಹೇಳೀರೇನು?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

"ಹಂಗಾದ್ರ ಇನ್ನೂ ಏನೂ ಹೇಳಿಲ್ಲ ಬಿಡ್ರಿ. ನನ್ನ ಮುಂದ ಹೇಳೂದು ಸಸ್ತಾ. ನನಗ ನೀವಂದ್ರ ಮೊದಲಿಂದನೂ ಅಷ್ಟಕ್ಕಷ್ಟ." ಆಮೇಲೆ ಮೊದಲ ಸಲ ನನ್ನ ಮುಖ ನೋಡಿದ. "ನನ್ನ ಹೆಂಡತೀಗೆ ನಾ ಹೇಳೂದಿಲ್ಲ. ನಾ ಹೇಳಿದ್ರ ಅಕ್ಕಾರು ಸುಳ್ಳ ಆಣಿ ಮಾಡಿದ್ರು ಅಂತ ಆಗ್ತೈತಿ. ಆ ಹೆಣ್ಣಮಗಳು ಸುಳ್ಳ ಹೇಳಿದಾಕಿ ಅಲ್ಲ. ಆಕಿ ಬಾಯಿಂದನ ಆಕಿ ತಂಗೀಗೆ ಗೊತ್ತಾಗ್ಲಿ. ಅದು ನಿಮ್ಮಿಂದ ಆಗಬೇಕು. ಹೋಗ್ರಿ, ಬಸ್ ಬಂತು."

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನನಗೆ ಅದನ್ನು ಕೇಳುವ ಮುಖವೂ ಇರಲಿಲ್ಲ.

ಆ ದಿನ ಮನೆಗೆ ಬಂದು ಹೇಳುವವನಿದ್ದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಉಂಡ ಮೇಲೆ ಹೇಳೋಣ ಎಂದುಕೊಂಡೆ. ಆ ಉಣ್ಣುವುದು ಇನ್ನೂ ಮುಗಿದಿಲ್ಲ.

ಈಗ ಅಂಗಡಿ ಇಲ್ಲ. ಆದರೂ ನಾನು ಬರೆಯುತ್ತ ಕೂತದ್ದು ಕಂಡು ಅವಳು ಬೆಳಿಗ್ಗೆಯಿಂದ ಎರಡು ಸಲ ಇಣುಕಿ ಹೋಗಿದ್ದಾಳೆ. "ಮುಗದ ಮ್ಯಾಲ ಕೊಡ್ರಿ, ತಪ್ಪ ನೋಡ್ತೀನಿ," ಎಂದಿದ್ದಾಳೆ. ಕೆಂಪು ಪೆನ್ನು ಹುಡುಕುವ ಸದ್ದು ಒಳಗಿನಿಂದ ಕೇಳುತ್ತಿದೆ. ಷಡ್ಡಕನ ಎದುರು ತಪ್ಪಾಯಿತು ಎಂದಿದ್ದೇನೆ. ಮಾವನವರ ಸಮಾಧಿಯ ಮುಂದೆ ಮನಸ್ಸಿನಲ್ಲೇ ಅಂದಿದ್ದೇನೆ. ಬನ್ನಿಯ ಎಲೆ ಕಂಡಾಗಲೆಲ್ಲ ಅಂದಿದ್ದೇನೆ. ನನ್ನ ಮಾತಿಗೆ ವಿಭೂತಿ ಮುಟ್ಟಿ ತವರು ಕಳೆದುಕೊಂಡವಳ ಎದುರು ಮಾತ್ರ ಈ ತನಕ ಅಂದಿಲ್ಲ. ಅವಳು ನನ್ನ ಹೆಂಡತಿ.